ಅಚೋಲ್ ಜೊತೆ ಹರಿಹರದ ಹೊಳೆಗೆ

ಭಾನುವಾರ ಬೆಳಿಗ್ಗೆ ಎಂಟೂವರೆಗೆ ದಾವಣಗೆರೆಯಲ್ಲಿ ಹರಿಹರದ ಬಸ್ ಹತ್ತಿದೆವು. ಜೊತೆಗಿದ್ದವಳು ಅಚೋಲ್, ದಕ್ಷಿಣ ಸುಡಾನ್‌ನ ನರ್ಸ್. ತುರ್ತು ಚಿಕಿತ್ಸೆ ಕಲಿತು ತನ್ನೂರಿನ ನರ್ಸ್‌ಗಳಿಗೆ ಕಲಿಸಬೇಕೆಂದು ಆರು ತಿಂಗಳ ಹಿಂದೆ ನಾನು ಕೆಲಸ ಮಾಡುವ ಆಸ್ಪತ್ರೆಗೆ ಬಂದಿದ್ದಳು. ಅವಳಿಗೆ ಕಲಿಸುವ ಹೊಣೆ ನನ್ನದು. ಬುಧವಾರ ಅವಳ ವಿಮಾನ. ಹೋಗುವ ಮುಂಚೆ ಏನು ನೋಡುತ್ತೀ ಎಂದು ಕೇಳಿದ್ದಕ್ಕೆ “ಹೊಳೆ” ಅಂದಿದ್ದಳು. ಅವಳ ಊರು ನೈಲ್ ದಡದಲ್ಲಿದೆ.

ಕಂಡಕ್ಟರ್ ನನ್ನ ಆಧಾರ್ ನೋಡಿ, “ನಿಮ್ದು ಫ್ರೀ ಐತ್ರಿ, ಇವರಿಗೆ ಟಿಕೆಟ್ ಬೇಕು,” ಎಂದ. ಹದಿನಾಲ್ಕು ಕಿಲೋಮೀಟರ್ ದಾರಿ. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು.

ಹರಿಹರದಲ್ಲಿ ಇಳಿದು ಸಣ್ಣ ಹೋಟೆಲೊಂದರಲ್ಲಿ ಮಂಡಕ್ಕಿ, ಮಿರ್ಚಿ ಹೇಳಿದೆವು. ಪಕ್ಕದ ಮೇಜಿನಲ್ಲಿ ನಂದಿಗುಡಿ ಹಳ್ಳಿಯ ಗಂಡ ಹೆಂಡತಿ. ಗಂಡ ಮಿರ್ಚಿ ತಿನ್ನುತ್ತಾ ಏನೋ ಹೇಳಿ ನಕ್ಕವನು ತಟ್ಟನೆ ಎದ್ದು ನಿಂತು ಗಂಟಲು ಹಿಡಿದುಕೊಂಡ. ಕೆಮ್ಮೂ ಇಲ್ಲ, ದನಿಯೂ ಇಲ್ಲ. ಹೆಂಡತಿ ನೀರಿನ ಲೋಟ ಬಾಯಿಗಿಡಲು ಹೋದಳು.

“ನೀರು ಬ್ಯಾಡ,” ಎಂದು ಇಲ್ಲಿ ಕಲಿತಷ್ಟು ಕನ್ನಡದಲ್ಲಿ ಹೇಳುತ್ತಾ ಅಚೋಲ್ ನನಗಿಂತ ಮೊದಲೇ ಎದ್ದಿದ್ದಳು. ಅವನನ್ನು ಮುಂದಕ್ಕೆ ಬಾಗಿಸಿ ಬೆನ್ನಿಗೆ ಅಂಗೈಯ ಬುಡದಿಂದ ಐದು ಸಲ ಬಲವಾಗಿ ಹೊಡೆದಳು. ಏನೂ ಆಗಲಿಲ್ಲ. ತುಟಿ ನೀಲಿಗಟ್ಟುತ್ತಿತ್ತು. ಹಿಂದಿನಿಂದ ತಬ್ಬಿ, ಹೊಕ್ಕುಳಿಗಿಂತ ತುಸು ಮೇಲೆ ಮುಷ್ಟಿಯಿಟ್ಟು ಒಳಕ್ಕೂ ಮೇಲಕ್ಕೂ ಎಳೆದಳು. ನಾಲ್ಕನೆಯ ಸಲಕ್ಕೆ ಮೆಣಸಿನಕಾಯಿಯ ತುಂಡು ಹೊರಗೆ ಬಿತ್ತು. ಅವನು ಉಸಿರೆಳೆದ ಸದ್ದು ಹೋಟೆಲಿಗೆಲ್ಲ ಕೇಳಿಸಿತು.

ಹೆಂಡತಿ ಅಚೋಲ್‌ಳ ಕಾಲಿಗೆ ಬಾಗಿದಳು. ಅಚೋಲ್ ಅವಳನ್ನು ಎತ್ತಿ, ಅವಳ ಮುಷ್ಟಿಯನ್ನು ತನ್ನ ಹೊಟ್ಟೆಯ ಮೇಲೆಯೇ ಇಟ್ಟುಕೊಂಡು ಜಾಗ ತೋರಿಸಿದಳು.

“ನಂಗೆ ಇದೆಲ್ಲ ಹೆಂಗೆ ಬರ್ತೈತ್ರಿ ಯವ್ವಾ?”

ಅಚೋಲ್ ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಕನ್ನಡದಲ್ಲಿ ಹೇಳಿದೆ: “ನಾಳೆ ಊರಾಗ ನಾವು ಇರಲ್ಲ. ನೀವೇ ಇರೋದು.”

ಆಕೆ ಎರಡನೇ ಸಲ ತಾನೇ ಸರಿಯಾದ ಜಾಗ ಹುಡುಕಿದಳು. ಒಮ್ಮೆ ಡಾಕ್ಟರಿಗೆ ತೋರಿಸಿರಿ ಎಂದು ಹೇಳಿ ಅವರನ್ನು ಕಳಿಸಿದೆವು.

ತುಂಗಭದ್ರೆಯಲ್ಲಿ ನೀರು ಇಳಿದು ಬಂಡೆಗಳು ಮೇಲೆದ್ದಿದ್ದವು. ಅಚೋಲ್ ಚಪ್ಪಲಿ ಬಿಟ್ಟು ಮೊಣಕಾಲುದ್ದ ನೀರಿನಲ್ಲಿ ಬಹಳ ಹೊತ್ತು ನಿಂತಳು. ಆಮೇಲೆ, ಆರು ತಿಂಗಳಲ್ಲಿ ಹೇಳದ ಮಾತು ಹೇಳಿದಳು. ಅವಳ ತಂಗಿ ಹೆರಿಗೆಯಾದ ಮೇಲೆ ಉಸಿರು ನಿಂತು ತೀರಿಕೊಂಡಿದ್ದಳು. ಉಸಿರು ಕೊಡುವ ಚೀಲ ಅದೇ ಕೋಣೆಯ ಬೀರುವಿನಲ್ಲಿತ್ತು. ಅಲ್ಲಿದ್ದ ನಾಲ್ವರು ನರ್ಸ್‌ಗಳಲ್ಲಿ ಯಾರೂ ಅದನ್ನು ಕೈಯಲ್ಲಿ ಹಿಡಿದವರಲ್ಲ. ಆ ನಾಲ್ವರಲ್ಲಿ ಒಬ್ಬಳು ಅಚೋಲ್.

“ಊರಲ್ಲಿ ಹನ್ನೆರಡು ನರ್ಸ್ ಹುಡುಗಿಯರು ಕಲಿಯೋಕೆ ಕಾಯ್ತಿದ್ದಾರೆ. ನೀನೂ ಬಾ ಅಕ್ಕ, ಒಂದು ವರ್ಷ ನನ್ನ ಜೊತೆ ಕಲಿಸು.”

ನಾನು ದಡದಲ್ಲಿದ್ದ ಅವಳ ಚಪ್ಪಲಿ ಎತ್ತಿಕೊಂಡೆ. ವಾರಕ್ಕೆ ಮೂರು ಸಲ ಅತ್ತೆಯನ್ನು ಡಯಾಲಿಸಿಸ್‌ಗೆ ಕರೆದೊಯ್ಯುವವಳು ನಾನು. ಆದರೂ ಆ ಹನ್ನೆರಡು ಜನರನ್ನು ನೋಡಬೇಕೆಂಬ ಆಸೆ ಬಿಡಲಿಲ್ಲ.

ಸಂಜೆ ದಾವಣಗೆರೆಗೆ ಮರಳಿ, ಆಟೋದಲ್ಲಿ ಅವಳನ್ನು ಹಾಸ್ಟೆಲ್ ಬಾಗಿಲಿಗೆ ಬಿಟ್ಟೆ. ಆಟೋ ಹೊರಡುವಾಗ ರೂಢಿಯಂತೆ, “ಬರ್ತೀನಿ,” ಅಂದೆ.

ಅವಳು ಓಡಿ ಬಂದು ಆಟೋದ ಕಂಬಿ ಹಿಡಿದಳು. “ಖರೇನಾ ಅಕ್ಕ? ಬರ್ತೀಯಾ?”

ನಮ್ಮಲ್ಲಿ ಹೊರಡುವಾಗ ಎಲ್ಲರೂ ಹಾಗೇ ಹೇಳುತ್ತಾರೆ ಎಂದು ತಿಳಿಸಬೇಕಿತ್ತು. ಅವಳ ಮುಖ ನೋಡಿ ತಿಳಿಸಲಿಲ್ಲ. ನನ್ನ ಮನೆಯಿರುವ ಸರಸ್ವತಿ ನಗರದ ಕಡೆ ಆಟೋ ತಿರುಗುವವರೆಗೂ ಅವಳು ಕೈ ಎತ್ತಿಕೊಂಡೇ ನಿಂತಿದ್ದಳು.