ಕಡಲಹಸುಗಳ ಲೆಕ್ಕ

ಕತಾರಿನ ಪಶ್ಚಿಮ ಕರಾವಳಿಯಲ್ಲಿ ಕಡಲಹಸುಗಳ, ಅಂದರೆ ಡುಗಾಂಗ್‌ಗಳ, ಫೋಟೋ ತೆಗೆಯಲು ನನ್ನನ್ನು ಆರು ಶುಕ್ರವಾರ ಕರೆದೊಯ್ದವರು ಉಳ್ಳಾಲ ಕಡೆಯ ಒಬ್ಬ ಬೋಟಿನ ಕಾಕಾ. ಪ್ರಾಣಿಗಳು ಇನ್ನೂ ದೂರವಿರುವಾಗಲೇ ಅವರು ಇಂಜಿನ್ ನಿಲ್ಲಿಸಿ, ಉದ್ದದ ಕೋಲು ಊರಿ ಬೋಟು ನೂಕುತ್ತಿದ್ದರು. ನಾನು ಅಲ್ಲಿನ ಅರಬ್ಬಿಯಲ್ಲಿ 'ಯಲ್ಲಾ, ಬೇಗ' ಎಂದು ಅವಸರ ಮಾಡಿದರೆ, "ಯಲ್ಲಾ ಅಂದ್ರೆ ಅವು ಬರ್ತಾವಾ ಮಾರಾಯ?" ಎನ್ನುತ್ತಿದ್ದರು.

ಆರನೆಯ ಶುಕ್ರವಾರ, ನೀರಿನ ಮೇಲೆ ಮೂಗು ಕಂಡಾಗಲೆಲ್ಲ ಫೋಟೋ ತೆಗೆದು, ಡೈರಿಯಲ್ಲಿ ಒಂದೊಂದು ಗೆರೆ ಎಳೆದೆ. "ಕಾಕಾ, ಹದಿನಾಲ್ಕು!"

"ನೀನು ಎಣಿಸಿದ್ದು ಉಸಿರು. ಇರುವುದು ಮೂರೇ. ತಾಯಿ, ಮರಿ, ಮತ್ತೆ ಬೆನ್ನಲ್ಲಿ ಗಾಯದ ಗುರುತು ಇರುವುದೊಂದು."

"ಆ ಗುರುತು ನಿಮಗೆ ಹೇಗೆ ಗೊತ್ತು?"

"ನನ್ನ ಬೋಟಿನಡಿ ತಿರುಗುವ ಫ್ಯಾನು ತಾಗಿಯೇ ಆದದ್ದು. ಹೋದ ವರ್ಷ ಇಂಜಿನ್ ನಿಲ್ಲಿಸದೆ ಹತ್ತಿರ ಹೋಗಿದ್ದೆ. ಆಮೇಲೆ ಕಂಡದ್ದು ಇವತ್ತೇ."

ಇದನ್ನು ಅವರು ನನಗೆ ಹೇಳಲೇಬೇಕೆಂದಿರಲಿಲ್ಲ. ಹೇಳಿದ್ದರಿಂದ ನನ್ನ ಲೆಕ್ಕ ಸರಿಯಾಯಿತು. ಹದಿನಾಲ್ಕನ್ನು ಹೊಡೆದು ಹಾಕಿ ಮೂರು ಎಂದು ಬರೆದೆ. ಅಷ್ಟರಲ್ಲಿ ಕಾಕಾ ಕ್ಯಾಮೆರಾ ಕೇಳಿ ತೆಗೆದುಕೊಂಡು, ಆ ಬೆನ್ನಿನ ಫೋಟೋವನ್ನು ದೊಡ್ಡದು ಮಾಡಿ ಬಹಳ ಹೊತ್ತು ನೋಡಿದರು.

"ಗಾಯ ಮಾಗಿದೆ ಅಲ್ವಾ?"

"ಪೂರ್ತಿ ಮಾಗಿದೆ, ಕಾಕಾ."

"ಹಾಗಾದ್ರೆ ಅದನ್ನೂ ಬರೆದಿಡು ಮಾರಾಯ," ಎಂದರು. "ತಾರೀಕು ಹಾಕಿ ಬರಿ."