ಬಾಗಿಲಿಗೆ ಎದುರಾದ ಕುರ್ಚಿ

ಊಟಕ್ಕೆ ಕೂತವಳನ್ನು ಎಬ್ಬಿಸಿದ್ದು ಒಂದೇ ಸಲ. ಆಗ ನನಗೆ ಒಂಬತ್ತು ವರ್ಷ. ಉಡುಪಿಯಲ್ಲಿ ನೆಂಟರ ಮನೆಯ ಉಪನಯನ. ಹಸಿವು ತಾಳಲಾರದೆ ಗಂಡಸರ ಮೊದಲ ಪಂಕ್ತಿಯಲ್ಲಿ ಹೋಗಿ ಕೂತುಬಿಟ್ಟಿದ್ದೆ. ಎಲೆಗೆ ಉಪ್ಪು, ಕೋಸಂಬರಿ ಬಿದ್ದಾಗಿತ್ತು. ರಟ್ಟೆ ಹಿಡಿದು ಎಬ್ಬಿಸಿದರು. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ, ಇಳಿಯುವುದೂ ಬೇಡ.

ಡಾಟ್‌ಕಾಮ್ ಕಾಲದಲ್ಲಿ ಅಮೆರಿಕದ ಸನ್ನಿವೇಲ್‌ನಲ್ಲಿ ನನ್ನದೊಂದು ಪುಟ್ಟ ಅಂಗಡಿಯಿತ್ತು. ಬಿಡಿಭಾಗ ತರಿಸಿ, ಕಂಪ್ಯೂಟರ್ ಜೋಡಿಸಿ, ಸಣ್ಣ ಆಫೀಸುಗಳಿಗೆ ಮಾರುತ್ತಿದ್ದೆ. ಬಿಡಿಭಾಗ ಬರುತ್ತಿದ್ದದ್ದು ತೈವಾನ್‌ನಿಂದ, ತರಿಸುತ್ತಿದ್ದವರೂ ತೈವಾನಿನವರೇ. ಮಾಲು ಧಾರಾಳವಾಗಿದ್ದಾಗ ನನಗೂ ಸಿಗುತ್ತಿತ್ತು. ಕೊರತೆ ಬಿದ್ದರೆ ಮೊದಲು ಅವರ ವ್ಯಾಪಾರಿ ಸಂಘದ ಸದಸ್ಯರಿಗೆ, ಉಳಿದರೆ ನನ್ನಂಥವರಿಗೆ.

ಆ ಸಂಘವನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಹೊಸದಾಗಿ ಬಂದವನಿಗೆ ಗೋದಾಮು ಹುಡುಕಿಕೊಡುವುದು, ವಕೀಲರನ್ನು ತೋರಿಸುವುದು, ಬ್ಯಾಂಕಿನಲ್ಲಿ ಅವನ ಪರ ಒಂದು ಮಾತು ಹೇಳುವುದು, ಎಲ್ಲವೂ ತಿಂಗಳಿಗೊಂದು ಮಧ್ಯಾಹ್ನದ ಊಟದಲ್ಲಿ ಮುಗಿದುಹೋಗುತ್ತಿತ್ತು. ನಾವು ಕನ್ನಡದವರು ರಾಜ್ಯೋತ್ಸವಕ್ಕೆ ಬಿಸಿಬೇಳೆಬಾತೋ ಪುಳಿಯೋಗರೆಯೋ ಎಂದು ಮೂರು ಮೀಟಿಂಗು ಜಗಳವಾಡುತ್ತಿದ್ದೆವು.

ಸ್ಯಾನ್ ರಮೋನ್‌ನ ಒಂದು ಆಫೀಸು ನಲವತ್ತು ಕಂಪ್ಯೂಟರಿಗೆ ಆರ್ಡರ್ ಕೊಟ್ಟಿತು. ಅಷ್ಟು ದೊಡ್ಡ ಆರ್ಡರ್ ನನಗೆ ಅದೇ ಮೊದಲು. ಕೈತಪ್ಪಿದರೆ ಅಂಗಡಿಗೆ ಬೀಗ ಹಾಕುವುದೇ. ಮಾನಿಟರ್, ಕೀಬೋರ್ಡ್ ಎಲ್ಲ ಬಂದಿದ್ದವು, ಮದರ್‌ಬೋರ್ಡ್ ಮಾತ್ರ ಇಲ್ಲ. ಅದನ್ನು ತರಿಸಿಕೊಡಬೇಕಿದ್ದ ಡೀಲರ್, ಆ ಸಂಘದವನೇ, ಐದು ವಾರದಿಂದ "ಮುಂದಿನ ವಾರ" ಎನ್ನುತ್ತಿದ್ದ. ಆ ಸಂಘದ ಆಫೀಸು ನೋಡಿಕೊಳ್ಳುತ್ತಿದ್ದ ಹೆಂಗಸು ನನ್ನ ಗಿರಾಕಿ. ನನ್ನ ಪಾಡು ಕೇಳಿ, ಅತಿಥಿಯಾಗಿ ಸಂಘದ ಊಟಕ್ಕೆ ಬಾ, ಆ ಡೀಲರ್ ಕೂಡ ಬರುತ್ತಾನೆ ಎಂದಳು.

"ಅವ್ರ ಮಧ್ಯ ಹೋಗಿ ನೀನೇನ್ ಮಾಡ್ತೀಯ? ಆಗಲ್ಲ ಅಂತ ಆಫೀಸಿನವ್ರಿಗೆ ಫೋನ್ ಮಾಡ್ಬಿಡು" ಎಂದರು ನನ್ನ ಗಂಡ.

"ಆಗಲ್ಲ ಅನ್ನೋಕೆ ಅಂಗಡಿ ಯಾಕ್ರೀ ಬೇಕು?" ಎಂದೆ.

ರೆಸ್ಟೋರೆಂಟಿಗೆ ಎಲ್ಲರಿಗಿಂತ ಮುಂಚೆ ತಲುಪಿದೆ. ಡೀಲರ್ ಒಳಗೆ ಬಂದರೆ ಕಾಣಬೇಕಲ್ಲ, ದುಂಡು ಮೇಜಿನಲ್ಲಿ ಬಾಗಿಲಿಗೆ ಎದುರಾದ ಕುರ್ಚಿಯಲ್ಲೇ ಕೂತೆ. ಬಂದವರೆಲ್ಲ ನನ್ನನ್ನು ನೋಡಿ ನಿಂತೇ ಉಳಿದರು. ಕೊನೆಗೆ ಒಬ್ಬರು ಬಗ್ಗಿ, ಅದು ಗೌರವದ ಜಾಗ, ಅಧ್ಯಕ್ಷರು ಕೂರುವುದು, ದಯವಿಟ್ಟು ಆ ಕಡೆ ಬನ್ನಿ ಎಂದು ಇಂಗ್ಲಿಷಿನಲ್ಲಿ ಹೇಳಿದರು.

ತಪ್ಪು ನನ್ನದೇ, ಒಪ್ಪುತ್ತೇನೆ. ಎದ್ದುಬಿಡಬೇಕಿತ್ತು. ಆದರೆ ರಟ್ಟೆ ಚುರುಗುಟ್ಟಿತು. "ಇಲ್ಲೇ ಇರುತ್ತೇನೆ" ಎಂದೆ.

ಸಂಘದ ಅಧ್ಯಕ್ಷರು ಬಂದರು, ಎಪ್ಪತ್ತು ದಾಟಿದವರು. ನನ್ನನ್ನು ಒಮ್ಮೆ ನೋಡಿ ಪಕ್ಕದಲ್ಲಿ ಕೂತರು. ಆಮೇಲೆ ಉಳಿದವರೂ ಕೂತರು. ಡೀಲರ್‌ಗೆ ಸಿಕ್ಕಿದ್ದು ನನ್ನ ಎದುರಿನ ಕುರ್ಚಿ. ಮೀನು, ಹಂದಿಮಾಂಸ, ಹುರಿದ ಕಡಲೆಬೀಜ ಬಂದವು. ಯಾರೂ ಕೈ ಹಾಕಲಿಲ್ಲ. ಸಂಘದ ಆಫೀಸಿನ ಹೆಂಗಸು ಹಿಂದಿನಿಂದ ಬಂದು, ಆ ಕುರ್ಚಿಯಲ್ಲಿ ಕೂತ ನೀನು ಶುರು ಮಾಡದೆ ಇವರು ತಿನ್ನುವಂತಿಲ್ಲ ಎಂದು ಕಿವಿಯಲ್ಲಿ ಹೇಳಿದಳು.

ಅಷ್ಟು ಸಾಕಾಯಿತು. ಪಂಕ್ತಿಯ ಹಿರಿಯರು ಕೈಯಿಡುವವರೆಗೆ ಎಲೆ ಮುಟ್ಟದೆ ಕಾಯುವುದೆಂದರೇನೆಂದು ಉಡುಪಿಯವಳಿಗೆ ಹೇಳಿಕೊಡಬೇಕೆ? ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡೆ.

"ನಲವತ್ತು ಮದರ್‌ಬೋರ್ಡ್ ಯಾವಾಗ ಕೊಡುತ್ತೀರಿ?" ಎಂದು ಡೀಲರ್‌ನನ್ನು ಕೇಳಿದೆ.

"ಮುಂದಿನ ವಾರ."

"ಹಾಗಾದರೆ ಊಟವೂ ಮುಂದಿನ ವಾರ."

ಮೀನಿನ ಹಬೆ ಆರುತ್ತಾ ಬಂತು. ಅಧ್ಯಕ್ಷರು ಡೀಲರ್‌ಗೆ ತಮ್ಮ ಭಾಷೆಯಲ್ಲಿ ಏನೋ ಹೇಳಿದರು, ನಾಲ್ಕು ಮಾತು ಇರಬಹುದು. ಅವನ ಮುಖ ಕೆಂಪಗಾಯಿತು.

"ಗುರುವಾರ. ನಲವತ್ತೂ" ಎಂದ.

"ನೀವು ಕೇಳಿಸಿಕೊಂಡಿರಾ?" ಎಂದು ಅಧ್ಯಕ್ಷರನ್ನು ಕೇಳಿದೆ.

"ಎಲ್ಲರೂ ಕೇಳಿಸಿಕೊಂಡರು" ಎಂದರು. ಆ ಮೇಜಿನಲ್ಲಿ ಎಲ್ಲರೂ ಕೇಳಿಸಿಕೊಂಡ ಮಾತಿಗೆ ಬೇರೆ ಕಾಗದಪತ್ರ ಬೇಕಿರಲಿಲ್ಲ.

ಮೀನು ಮಾಂಸ ನಾನು ತಿನ್ನುವುದಿಲ್ಲ, ಚಾಪ್‌ಸ್ಟಿಕ್ಕೂ ಬಾರದು. ಒಂದು ಕಡಲೆಬೀಜವನ್ನು ಬೆರಳಲ್ಲಿ ತೆಗೆದು ಬಾಯಿಗೆ ಹಾಕಿಕೊಂಡೆ. ಎಲ್ಲರೂ ಊಟಕ್ಕೆ ತೊಡಗಿದರು.

ಗುರುವಾರ ಮಾಲು ಬಂತು. ಸ್ಯಾನ್ ರಮೋನ್‌ನವರು ಕಂಪ್ಯೂಟರುಗಳನ್ನು ಒಪ್ಪಿಕೊಂಡರು, ಅಂಗಡಿ ಉಳಿಯಿತು.

ಮುಂದಿನ ತಿಂಗಳು ಆ ಹೆಂಗಸು ಮತ್ತೆ ಕರೆದಳು. ನಿನ್ನ ಹೆಸರನ್ನು ಅಧ್ಯಕ್ಷರೇ ಪಟ್ಟಿಗೆ ಸೇರಿಸಿದ್ದಾರೆ, ಇನ್ನು ಅತಿಥಿಯಲ್ಲ, ಸದಸ್ಯೆ ಎಂದಳು. ಹೋಗಿ ನೋಡಿದರೆ ಪ್ರತಿ ಕುರ್ಚಿಯ ಮುಂದೆಯೂ ಹೆಸರಿನ ಚೀಟಿ! ಹಿಂದೆಂದೂ ಇರಲಿಲ್ಲವಂತೆ, ನನ್ನಿಂದಾಗಿ ಬಂದ ಏರ್ಪಾಡು. ನನ್ನ ಚೀಟಿ ಇದ್ದದ್ದು ಬಾಗಿಲಿಗೆ ಬೆನ್ನಾದ, ತಟ್ಟೆಗಳನ್ನು ಹೆಗಲ ಮೇಲಿಂದ ದಾಟಿಸುವ ಕೊನೆಯ ಕುರ್ಚಿಯ ಮುಂದೆ. ಅದರ ಪಕ್ಕದಲ್ಲಿ ಬರೀ ತರಕಾರಿಯ ಒಂದು ಬಟ್ಟಲು.

ಕೊನೆಯದೇ ಆಗಲಿ. ಅಲ್ಲಿ ನನ್ನ ಹೆಸರಿತ್ತು. ಅಲ್ಲಿಂದ ನನ್ನನ್ನು ಎಬ್ಬಿಸುವುದು ಯಾರಪ್ಪನಿಂದಲೂ ಆಗುತ್ತಿರಲಿಲ್ಲ. ಹೊಟ್ಟೆ ತುಂಬ ಉಂಡೆ. ಅಧ್ಯಕ್ಷರೂ ಎದ್ದು ಹೋದ ಮೇಲೆ, ನಿಧಾನವಾಗಿ, ನನಗೆ ಮನಸ್ಸು ಬಂದಾಗ ಎದ್ದೆ.