ತಬಾವಾಳ ಯಜಮಾನರು

ತಬಾವಾ ಗಂಡನನ್ನು ಕಳೆದುಕೊಂಡು, ಮರುಮದುವೆಯ ಮಾತೂ ಕೂಡದ ನಾಲ್ಕು ತಿಂಗಳ ಇದ್ದತ್ತಿಗೆ ಕೂತಿದ್ದಾಗಲೇ ಮೊಮ್ಮಗ ಹುಟ್ಟಿದ. ದಿನ ತುಂಬುವ ಮೊದಲೇ ಹುಟ್ಟಿದ. ಸೋರೆಬುರುಡೆಯ ಬಟ್ಟಲಲ್ಲಿ ಮಲಗಿಸಬಹುದಿತ್ತು, ಅಷ್ಟೇ ಇದ್ದ.

ನಮ್ಮ ಕತ್ಸಿನಾ ಸೀಮೆಯಲ್ಲಿ ಮರಳುಗಾಳಿಯ ಚಳಿ ಶುರುವಾಗಿತ್ತು. ಆಸ್ಪತ್ರೆಯಿಂದ ಕಳಿಸುವಾಗ ನರ್ಸ್ ಜುಮ್ಮೈ ತಬಾವಾಳ ಕೈ ಹಿಡಿದು ಹೇಳಿದ್ದಳು. "ಇವನಿಗೆ ಔಷಧಿ ಅಂದ್ರೆ ತಾಯಿ ಎದೆ, ಅಮ್ಮ. ನಡುವೆ ಬಟ್ಟೆ ಇರಬಾರದು. ಹಗಲೂ ರಾತ್ರಿ ಕಟ್ಕೊಂಡಿರಬೇಕು. ಕೆಳಗಿಟ್ರೆ ತಣ್ಣಗಾಗ್ತಾನೆ. ತಣ್ಣಗಾದ್ರೆ ಮುಗೀತು."

ಹೇಳುವುದು ಸುಲಭ. ಸೊಸೆ ಸಾದೆಗೆ ಇದು ಚೊಚ್ಚಲು. ಚೊಚ್ಚಲ ಮಗುವನ್ನು ನಮ್ಮಲ್ಲಿ ತಾಯಿ ಜನರೆದುರು ಎತ್ತಿ ಮುದ್ದಾಡುವುದಿಲ್ಲ, ಹೆಸರು ಹಿಡಿದು ಕರೆಯುವುದಿಲ್ಲ. ಹಾಲು ಕೊಡುವಾಗಲೂ ಮುಖ ಆಚೆಗಿರುತ್ತದೆ. ಹಾಗಿಲ್ಲದವಳನ್ನು ಊರು ನಾಚಿಕೆಗೆಟ್ಟವಳು ಎನ್ನುತ್ತದೆ. ಆಸ್ಪತ್ರೆಯ ಪರದೆಯ ಹಿಂದೆ ಸಾದೆ ಮಗುವನ್ನು ಕಟ್ಟಿಕೊಂಡೇ ಇದ್ದಳು. ಮನೆಗೆ ಬಂದಳು, ನೋಡುವುದಕ್ಕೆ ಹೆಂಗಸರು ಬಂದರು. ಬಿಚ್ಚಿ ಹಾಸಿಗೆ ಮೇಲೆ ಇಟ್ಟುಬಿಟ್ಟಳು.

ಬಂದವರು ಏಳುವಂತೆ ಕಾಣಲಿಲ್ಲ. ಅಡಿಕೆಯ ಹಾಗೆ ಕೋಲಾ ಕಾಯಿ ಜಗಿಯುತ್ತ ಕೂತರು. ಬಾಗಿಲು ತೆರೆದೇ ಇತ್ತು, ಗಾಳಿ ಒಳಗೇ ಬರುತ್ತಿತ್ತು. ತಬಾವಾ ಹೊದಿಕೆಯೊಳಗೆ ಕೈ ಹಾಕಿ ಮಗುವಿನ ಪಾದ ಮುಟ್ಟಿದಳು. ನೀರಿನ ಮಡಕೆ ಮುಟ್ಟಿದ ಹಾಗಾಯಿತು. ಅಳಲೂ ಇಲ್ಲ ಅವನು.

"ಸಾದೆ, ಎತ್ಕೋ."

ಸಾದೆ ಸೆರಗು ಮುಖಕ್ಕೆ ಎಳೆದುಕೊಂಡು ಗೋಡೆಯ ಕಡೆ ತಿರುಗಿದಳು. ಎತ್ತಿಕೊಳ್ಳಲಿಲ್ಲ.

"ಇದೇನು ತಬಾವಾ, ಇಷ್ಟು ಜನರ ಮುಂದೆ ಹುಡುಗೀನ ಹಾಗೆ ಕೇಳ್ತೀಯ?" ಎಂದಳು ವಾರಗಿತ್ತಿ ಹೂರೆ. "ಗಂಡ ಹೋದ ಮೇಲೆ ನಿನಗೆ ಮರ್ಯಾದೇನೂ ಹೋಯ್ತಾ?"

ತಬಾವಾ ಕೂಡ ಒಂದು ಕಾಲಕ್ಕೆ ಹೀಗೇ ಗೋಡೆ ನೋಡುತ್ತ ಕೂತವಳು. ಅತ್ತೆ ಎದುರಿಗಿದ್ದರು. ಚಾಪೆಯ ಮೇಲಿದ್ದ ಚೊಚ್ಚಲ ಕೂಸು ಸದ್ದಿಲ್ಲದೆ ತಣ್ಣಗಾಯಿತು. ಹೆಸರಿಡುವ ಮೊದಲೇ ಮಣ್ಣಿಗೆ ಕೊಟ್ಟರು. ಅಳುವುದಕ್ಕೂ ನಾಚಿಕೆ ಬಿಡಲಿಲ್ಲ.

ತಬಾವಾ ರವಿಕೆ ಬಿಚ್ಚಿದಳು.

"ಯಾ ಅಲ್ಲಾ!" ಎಂದಳು ಹೂರೆ.

ಬತ್ತಿದ ಎದೆಯ ನಡುವೆ ಮಗುವನ್ನು ಕಪ್ಪೆಯಂತೆ ಅಂಟಿಸಿ, ಹೊದ್ದಿದ್ದ ಬಟ್ಟೆಯಿಂದಲೇ ಬಿಗಿದು ಕಟ್ಟಿದಳು.

"ಇದ್ದತ್ ಮುಗಿಯೋ ಮುಂಚೆ ಇದೇನೇ ಇದು?"

"ಕಾಣಲ್ವಾ? ನನ್ನ ಯಜಮಾನ್ರು."

ಮೊಮ್ಮಗನನ್ನು ಗಂಡ ಎನ್ನುವ ಸಲಿಗೆ ಅಜ್ಜಿಯರಿಗೆ ಇದ್ದೇ ಇದೆ. ಹೂರೆಗೂ ತಡೆಯಲಾಗಲಿಲ್ಲ. "ಒಂದು ಹಲ್ಲೂ ಇಲ್ವಲ್ಲೇ ನಿನ್ನ ಗಂಡನಿಗೆ!"

"ನನಗೆಷ್ಟಿವೆ? ಜೋಡಿ ಸರಿಯಾಗಿದೆ ಬಿಡು. ಬಾಗಿಲು ಮುಚ್ಚು."

ಹೆಂಗಸರು ನಕ್ಕರು. ತಬಾವಾ ನಗಲಿಲ್ಲ. ಅವಳ ಕೈ ಮಗುವಿನ ಬೆನ್ನ ಮೇಲಿತ್ತು. ಉಸಿರು ಬಂತು. ನಿಂತಿತು. ಅವಳದೂ ನಿಂತಿತು. ಮತ್ತೆ ಬಂತು. ಮಸೀದಿಯಲ್ಲಿ ಮಧ್ಯಾಹ್ನದ ಬಾಂಗ್ ಆಯಿತು. ಪಾದ ಇನ್ನೂ ತಣ್ಣಗೇ ಇತ್ತು. ಸಾದೆ ಗೋಡೆಗೆ ಮುಖ ಮಾಡಿ ಕೂತಿದ್ದಳು. ಅವಳ ಬೆರಳು ಚಾಪೆಯ ಎಳೆಗಳನ್ನು ಒಂದೊಂದಾಗಿ ಕೀಳುತ್ತಿತ್ತು.

ಬಿಸಿಲು ಅಂಗಳ ದಾಟುವ ಹೊತ್ತಿಗೆ ಪಾದ ಬೆಚ್ಚಗಾಯಿತು. ಮಗು ಬಾಯಿ ಆಡಿಸುತ್ತ ಹುಡುಕಿತು. ಆ ಎದೆಯಲ್ಲಿ ಏನೂ ಇರಲಿಲ್ಲ.

ತಬಾವಾ ಎದ್ದು ಸೊಸೆಯ ಹತ್ತಿರ ಕೂತಳು. ಎಲ್ಲರಿಗೂ ಕೇಳುವಂತೆ ಹೇಳಿದಳು. "ನಮ್ಮ ಯಜಮಾನ್ರು ಹಸಿದವ್ರೆ. ನನ್ನ ಹತ್ರ ಹಾಲಿಲ್ಲ, ಒಲೆ ಮೇಲೆ ಗಂಜಿ ಬೇರೆ ಇದೆ. ನೀನು ನಿನ್ನ ಮಗನ್ನ ಎತ್ಕೋಬೇಡ, ತಾಯಿ. ನನ್ನ ಗಂಡನ್ನ ಎದೆಗೆ ಕಟ್ಕೋ. ಅತ್ತೆ ಹೇಳಿದ ಕೆಲಸ ಮಾಡೋಕೆ ಎಂಥ ನಾಚಿಕೆ?"

ಹೂರೆ ಬಾಯಿ ತೆರೆದಳು. ಅತ್ತೆಯ ಮಾತಿಗೆ ಎದುರಾಡು ಎಂದು ಯಾವ ಸೊಸೆಗೆ ಹೇಳುವುದು? ಮುಚ್ಚಿಕೊಂಡಳು.

ಸಾದೆ ಗೋಡೆ ನೋಡುತ್ತಲೇ ಕೈ ಹಿಂದಕ್ಕೆ ಚಾಚಿದಳು. ತಬಾವಾ ಮಗುವನ್ನು ಬಿಚ್ಚಿ ಆ ಕೈಗೆ ಇಟ್ಟಳು.

ಮರುದಿನ ಬೆಳಿಗ್ಗೆ ಹೂರೆ ಮತ್ತೆ ಬಂದಳು. ಸಾದೆಯ ಬಟ್ಟೆ ಎದೆಯ ಹತ್ತಿರ ಉಬ್ಬಿತ್ತು.

"ಏನೇ ಅದು, ಅಲ್ಲಿ?" ಎಂದು ಜೋರಾಗಿ ಕೇಳಿದಳು.

"ಅತ್ತೆಯವರ ಯಜಮಾನ್ರು," ಎಂದಳು ಸಾದೆ, ಗೋಡೆಗೆ. "ಮಲಗವ್ರೆ. ಸ್ವಲ್ಪ ಮೆಲ್ಲಗೆ ಮಾತಾಡಿ."